ಭೂಮಿ ನಿಂತರೆ ಎತ್ತ ಬೀಳುತ್ತೇವೆ

"ಮಿಸ್, ನೀವು ಭೂಮೀನ ಉಲ್ಟಾ ತಿರುಗಿಸ್ತಿದ್ದೀರಿ," ಎಂದಳು ಮುಂದಿನ ಸಾಲಿನ ಹುಡುಗಿ, ಇಂಗ್ಲಿಷಿನಲ್ಲಿ, ಬಲು ಮರ್ಯಾದೆಯಿಂದ.

ಮಾಳವಿಕಾ ತನ್ನ ಕೈ ನೋಡಿಕೊಂಡಳು. ಹೌದು, ಗ್ಲೋಬು ಬಲದಿಂದ ಎಡಕ್ಕೆ ಹೊರಟಿತ್ತು. ಟಾರ್ಚಿನ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಿದ್ದ. ಇಂಗ್ಲಿಷರ ನಾಡಿನ ಹೌನ್ಸ್ಲೋದ ಈ ಶಾಲೆಯಲ್ಲಿ ಟೀಚರ್ ಕೆಲಸ ಸಿಗಬೇಕೆಂದರೆ ಇವತ್ತಿನ ಪಾಠ ಗೆಲ್ಲಬೇಕು. ಹಿಂದೆ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿದ್ದ ಹೆಡ್ ಟೀಚರ್ ಮಿಸೆಸ್ ಕಾಲಿನ್ಸ್ ಏನೋ ಬರೆದುಕೊಂಡರು.

ನಿನ್ನೆ ಅಡುಗೆಮನೆಯಲ್ಲಿ ತಾಲೀಮು ಮಾಡುವಾಗಲೇ ಮಗಳು ಅಂಕಿತಾ, "ಮಮ್, ರಾಂಗ್ ವೇ," ಅಂದಿದ್ದಳು. ತಿದ್ದಿಕೊಂಡಿದ್ದಳು ಮಾಳವಿಕಾ. ಆದರೆ ಕೈ ಮಾತು ಕೇಳಬೇಕಲ್ಲ. ಬುದ್ಧಿ ಬಂದಾಗಿನಿಂದ ಗುಡಿಗೆ ಪ್ರದಕ್ಷಿಣೆ ಹಾಕಿದ್ದು, ಆರತಿ ಬೆಳಗಿದ್ದು ಎಲ್ಲಾ ಒಂದೇ ಸುತ್ತು. ದುಂಡಗಿನದು ಕಂಡರೆ ಸಾಕು, ಕೈ ಅದೇ ದಾರಿ ಹಿಡಿಯುತ್ತದೆ.

ವಿಜಯಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ಈಗ ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾಳೆ. ಬೆಳಿಗ್ಗೆ ಗಂಡ ಶಶಿಧರ ಹೇಳಿದ್ದ, "ಇದೂ ಆಗಲಿಲ್ಲಂದ್ರ ಸಾಕ್ ಮಾಡು. ಗೋದಾಮಿನ ಕೆಲಸ ಏನ್ ಕೆಟ್ಟೈತೇನು?"

"ಕೆಟ್ಟಿಲ್ರಿ. ಆದ್ರ ಅದು ನಂದಲ್ಲ," ಎಂದು ಬಸ್ಸು ಹತ್ತಿದ್ದಳು.

ಈಗ ನಕ್ಕು ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ. ಗ್ಲೋಬಿನ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ನೀನು ಹೇಳಿದ್ದು ಸರಿ. ನಮ್ಮೂರಲ್ಲಿ ದೇವರನ್ನ ಈ ಕಡೆ ಸುತ್ತುತ್ತೀವಿ, ನನ್ನ ಕೈಗೆ ಅದೇ ರೂಢಿ. ಭೂಮಿಗೆ ಆ ರೂಢಿ ಇಲ್ಲ. ಸರಿ ದಿಕ್ಕಿಗೆ ತಿರುಗಿಸಬೇಕು ಅಂದರೆ ಮೊದಲು ನಿಲ್ಲಿಸಬೇಕು. ನಿಲ್ಲಿಸಿದರೆ ಏನಾಗುತ್ತೆ, ನೋಡೋಣ ಬನ್ನಿ."

ಕಷ್ಟಪಟ್ಟು ಮಾಡಿಕೊಂಡು ಬಂದಿದ್ದ ಸ್ಲೈಡುಗಳನ್ನು ಕೈಬಿಟ್ಟಳು. ಸಿಂಕಿನಲ್ಲಿ ಕಾಗದದ ಲೋಟಗಳಿಗೆ ನೀರು ತುಂಬಿಸಿ ಒಬ್ಬೊಬ್ಬರಿಗೂ ಕೊಟ್ಟು, ಮೇಜುಗಳ ಸುತ್ತ ನಡೆಸಿದಳು, ಈ ಸಲ ಭೂಮಿ ತಿರುಗುವ ದಿಕ್ಕಿಗೇ. ಬೇಗ, ಇನ್ನೂ ಬೇಗ. ಆಮೇಲೆ ಗಟ್ಟಿಯಾಗಿ, "ನಿಲ್ಲಿ," ಎಂದಳು.

ಕಾಲುಗಳು ನಿಂತವು, ನೀರು ನಿಲ್ಲಲಿಲ್ಲ. ಮುಂದಿದ್ದವರ ಬೆನ್ನಿಗೆ, ನೆಲಕ್ಕೆ, ಮಿಸೆಸ್ ಕಾಲಿನ್ಸರ ಬೂಟಿಗೂ ಬಿತ್ತು. ತರಗತಿ ಕೇಕೆ ಹಾಕಿತು.

"ಆ ನೀರೇ ನಾವು," ಎಂದಳು ಮಾಳವಿಕಾ. "ಭೂಮಿ ಗಕ್ಕನೆ ನಿಂತರೂ ನಾವು ಪೂರ್ವಕ್ಕೆ ಓಡ್ತಾನೇ ಇರ್ತೀವಿ, ವಿಮಾನದ ವೇಗದಲ್ಲಿ."

"ಅಂದ್ರೆ ಈಸ್ಟ್ ಹ್ಯಾಮ್‌ಗೆ ಹೋಗಿ ಬೀಳ್ತೀವಾ?" ಹಿಂದಿನಿಂದ ಒಬ್ಬ ಕೇಳಿದ. ಊರಿನ ಪೂರ್ವ ತುದಿಯ ಆ ಬಡಾವಣೆಯಲ್ಲಿ ಅವನ ಅಜ್ಜಿ ಇದ್ದಾಳಂತೆ.

"ಅಜ್ಜಿಯೂ ನಮ್ಮ ಜೊತೆಗೇ ಹೊರಟಿರ್ತಾಳೆ."

ಮಿಸೆಸ್ ಕಾಲಿನ್ಸ್ ಗಡಿಯಾರ ನೋಡಿದರು. "ನಿಮ್ಮ ಸಮಯ ಮುಗಿಯಿತು."

ಮಾಳವಿಕಾ ಟಿಶ್ಯೂ ಹಿಡಿದು ನೆಲ ಒರೆಸಲು ಮೊಣಕಾಲೂರಿದ್ದಳು. ಅಲ್ಲಿಂದಲೇ ತಲೆ ಎತ್ತಿದಳು. "ಇಲ್ಲ ಮೇಡಂ. ಇವರು ಹೆದರಿಕೊಂಡು ಮನೆಗೆ ಹೋಗಬಾರದು. ಭೂಮಿ ಹಾಗೆ ನಿಲ್ಲೋದಿಲ್ಲ ಅಂತ ಹೇಳದೆ ನಾನು ಪಾಠ ಮುಗಿಸೋದಿಲ್ಲ."

ಹೇಳಿದ ಮೇಲೇ ಗೊತ್ತಾಯಿತು, ಕೆಲಸ ಕೊಡುವವರಿಗೆ ಇಲ್ಲ ಅಂದೆ ಎಂದು. ಅಂದದ್ದಾಯಿತು. ಎದ್ದು ನಿಂತು, ಭೂಮಿ ಯಾಕೆ ನಿಲ್ಲುವುದಿಲ್ಲವೆಂದು ಹೇಳಿದಳು. ಒಂದು ವೇಳೆ ನಿಂತರೆ ಅರ್ಧ ವರ್ಷ ಹಗಲು, ಅರ್ಧ ವರ್ಷ ರಾತ್ರಿ ಎಂದೂ ಹೇಳಿದಳು.

"ಪ್ರಶ್ನೆ ಇದೆಯಾ?"

ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ಅವಳ ಹಿಂದೆಯೇ ಇನ್ನೊಂದು ಕೈ ಮೇಲೆದ್ದಿತು, ಮಿಸೆಸ್ ಕಾಲಿನ್ಸರದು.

"ಒಂದು ನಿಮಿಷ, ಮೇಡಂ," ಎಂದಳು ಮಾಳವಿಕಾ. "ಮೊದಲು ಎತ್ತಿದ್ದು ಅವಳು."

ಹುಡುಗಿಯ ಪ್ರಶ್ನೆ ಉದ್ದವಾಗಿತ್ತು. ಒದ್ದೆ ಬೂಟಿನ ಮಿಸೆಸ್ ಕಾಲಿನ್ಸ್ ಎತ್ತಿದ ಕೈ ಇಳಿಸದೆ ಕಾಯುತ್ತ ಕೂತರು.