ಶರ್ಮಿಳಾಳ ಮದುವೆಗೆ ಒಂದು ಫೋಟೋ

ಸತ್ತ ಮಕ್ಕಳಿಗೆ ಮದುವೆ ಮಾಡಿಸುವುದು ತುಳುನಾಡಿನಲ್ಲಿ ಹೊಸ ಸಂಗತಿಯೇನಲ್ಲ. ಪ್ರಾಯಕ್ಕೆ ಬರುವ ಮೊದಲೇ ತೀರಿಹೋದವರು ಅಲ್ಲಿಯೂ ಬೆಳೆಯುತ್ತಾರಂತೆ, ಜೊತೆ ಸಿಗದಿದ್ದರೆ ಇಲ್ಲಿರುವ ಒಡಹುಟ್ಟಿದವರ ಮದುವೆಗೆ ಅಡ್ಡ ಬರುತ್ತಾರಂತೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಾಪುವಿನ ರತ್ನಾವತಿಗೆ ಮಾತ್ರ ಆ ಆಯ್ಕೆ ಉಳಿದಿರಲಿಲ್ಲ. ಮಗಳು ಹರ್ಷಿಣಿಗೆ ಬಂದ ಸಂಬಂಧಗಳೆಲ್ಲ ನಿಶ್ಚಯದ ತನಕ ಬಂದು ಕಾರಣವಿಲ್ಲದೆ ಮುರಿಯುತ್ತಿದ್ದವು. ಕೊನೆಗೆ ಪೆರ್ಡೂರಿನ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಅವರು ಕವಡೆ ಸರಿಸಿ ನೋಡಿ, "ದೊಡ್ಡವಳು ಕಾಯುತ್ತಾ ಇದ್ದಾಳೆ" ಅಂದರು.

ದೊಡ್ಡವಳು ಅಂದರೆ ಶರ್ಮಿಳಾ. ನಾಲ್ಕು ವರ್ಷದವಳಿರುವಾಗ ಜ್ವರ ಬಂದು ಹೋದವಳು. ಹರ್ಷಿಣಿ ಆಗಿನ್ನೂ ಹುಟ್ಟಿರಲಿಲ್ಲ. ಮಗುವಿನದ್ದು ಅಂತ ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಒಂದು ಫೋಟೋ ಇತ್ತು. ರತ್ನಾವತಿ ಅದನ್ನು ಎದೆಗೆ ಒತ್ತಿಕೊಂಡು ಊಟ ಬಿಟ್ಟು ಕೂತಾಗ ಅತ್ತೆ ಹೆದರಿದರು. ಸೊಸೆಯೂ ಕೈಬಿಟ್ಟು ಹೋದಾಳು ಅಂತ, ಅವಳು ಮೀನಿಗೆ ಹೋದ ಹೊತ್ತಿನಲ್ಲಿ ಫೋಟೋವನ್ನು ಕಡಲಿಗೆ ಬಿಟ್ಟುಬಂದರು. ಅತ್ತೆಯನ್ನು ಬೈದು ಪ್ರಯೋಜನವಿಲ್ಲ, ಆ ಮುದುಕಿ ಮಾಡಿದ್ದು ಪ್ರೀತಿಯಿಂದಲೇ. ಆಮೇಲೆ ರತ್ನಾವತಿ ಫೋಟೋ ಇಲ್ಲದೆಯೇ ಕಲಿತಳು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಕಣ್ಣು ಮುಚ್ಚಿ ಮಗಳ ಮುಖವನ್ನು ಕರೆಯುವುದು. ಮೊದಲು ಹುಬ್ಬಿನ ಪಕ್ಕದ ಗಾಯದ ಗುರುತು, ಆಮೇಲೆ ಮೂಗು, ಆಮೇಲೆ ಸ್ವಲ್ಪ ಮುಂದೆ ಬಂದ ಕೆಳತುಟಿ. ಒಂದು ದಿನವೂ ಅವಳು ಬಾರದೆ ಇದ್ದದ್ದಿಲ್ಲ.

ಗಂಡು ಕಾರ್ಕಳದಲ್ಲಿ ಸಿಕ್ಕಿತು. ಅಲ್ಲಿನ ಮಾರ್ಕೆಟಿನಲ್ಲಿ ಮೀನು ಮಾರುವ ಸರಸಕ್ಕನ ಮಗ ಜಿತೇಂದ್ರ, ಶಾಲೆಗೆ ಹೋಗುವ ಪ್ರಾಯದಲ್ಲಿ ಕೆರೆಗೆ ಬಿದ್ದು ಹೋದವನು. ಕುಲ, ತಾಯಿಯ ಕಡೆಯಿಂದ ಬರುವ ಬರಿ ಎಲ್ಲ ಕೂಡಿಬಂತು. ಆದರೆ ಸರಸಕ್ಕ ಒಂದು ಹಟ ಹಿಡಿದರು. ಮಗನ ಶಾಲೆಯ ಫೋಟೋವನ್ನು ಅವರ ತಮ್ಮನ ಮಗ ಎಐಗೆ ಹಾಕಿ ಮೀಸೆ ಬಂದ ಯುವಕನನ್ನಾಗಿ ಮಾಡಿಕೊಟ್ಟಿದ್ದನಂತೆ. ಅದನ್ನು ವಾಟ್ಸಾಪಿನಲ್ಲಿ ಕಳಿಸಿ, "ನಮ್ಮ ಹುಡುಗ ಹೀಗಿದ್ದಾನೆ. ಹುಡುಗಿಯದ್ದೂ ಒಂದು ಕಳಿಸಿ ರತ್ನಾವತಿಯಕ್ಕ. ಸೊಸೆಯ ಮುಖ ನೋಡದೆ ಮನೆ ತುಂಬಿಸಿಕೊಳ್ಳುವುದು ಹೇಗೆ?" ಅಂದರು.

ಈ ಮಾತಿಗೆ ಭಾನುವಾರ ಮನೆಯಲ್ಲಿ ಯುದ್ಧವೇ ಆಯಿತು. ರತ್ನಾವತಿಯ ತಮ್ಮ ಯಶ್ವಂತ್ ಮಣಿಪಾಲದಲ್ಲಿ ತತ್ವಶಾಸ್ತ್ರ ಪಾಠ ಮಾಡುವವನು. ದಿನವಿಡೀ ಮಾತಾಡಿ ಸಂಬಳ ತೆಗೆದುಕೊಳ್ಳುವವನಿಗೆ ರಜೆಯ ದಿನ ಬಾಯಿ ಸುಮ್ಮನಿದ್ದೀತೇ?

"ಬೇಡ ಅಕ್ಕ," ಅಂದ, ಬಂಗುಡೆಯ ಮುಳ್ಳು ಬಿಡಿಸುತ್ತಾ. "ಫೋಟೋನೇ ಇಲ್ಲ. ಇಲ್ಲದ ಮುಖವನ್ನು ಮೆಷಿನು ಎಲ್ಲಿಂದ ತರ್ತದೆ? ಅದು ಸುಳ್ಳು."

ಧರ್ಮಪಾಲ, ರತ್ನಾವತಿಯ ಗಂಡ, ದೋಣಿಯಲ್ಲಿ ಆಯಸ್ಸು ಕಳೆದವನು, ತಟ್ಟೆಯಿಂದ ತಲೆ ಎತ್ತಿದ. "ಅಲ್ಲ ಮಾರಾಯ, ಖಾಲಿ ಮಣೆಗೆ ಸೀರೆ ಉಡಿಸಿ ಧಾರೆ ಎರೆಯುವುದು ಸುಳ್ಳಲ್ವಾ ಹಾಗಾದ್ರೆ?"

"ಅಲ್ಲ ಭಾವ. ಮಣೆ ಯಾವತ್ತಾದ್ರೂ 'ನಾನು ಶರ್ಮಿಳಾ' ಅಂತ ಹೇಳ್ತದಾ? ಅದು ಖಾಲಿ ಇರ್ತದೆ, ಅಷ್ಟೇ. ಬರುವವಳಿಗೆ ಜಾಗ ಬಿಟ್ಟಿರ್ತದೆ. ಈ ಫೋಟೋ ಆ ಜಾಗದಲ್ಲಿ ತಾನೇ ಬಂದು ಕೂತುಕೊಳ್ತದೆ."

"ಕಡಿಯಾಳಿ ದೇವಸ್ಥಾನದ ಅಮ್ಮನ ಮುಖ ಶಿಲ್ಪಿ ನೋಡಿದ್ನಾ? ಅವನೂ ಅಂದಾಜಿನಲ್ಲೇ ಕೆತ್ತಿದ್ದಲ್ವಾ? ಅದಕ್ಕೆ ಕೈ ಮುಗಿಯುವುದಿಲ್ವಾ ನೀನು?"

"ಶಿಲ್ಪಿಗೆ ಹೆದರಿಕೆ ಉಂಟು ಭಾವ. ಉಳಿ ತಪ್ಪಿದ್ರೆ ಪಾಪ ಬರ್ತದೆ ಅಂತ ಅವನು ಒಪ್ಪೊತ್ತು ಊಟ ಮಾಡಿ ಕೆಲಸ ಮಾಡ್ತಾನೆ. ಈ ಮೆಷಿನಿಗೆ ಎಂತ ಹೆದರಿಕೆ? ತಪ್ಪಾದ್ರೆ ಪಾಪ ಹೊರುವವರು ಯಾರು?"

"ನಾನು ಹೊರ್ತೇನೆ!" ಧರ್ಮಪಾಲ ಎಂಜಲು ಕೈಯಲ್ಲೇ ಎದೆ ತಟ್ಟಿಕೊಂಡ. "ನೀನು ನಿನ್ನ ಹುಡುಗರಿಗೆ ಪಾಪ-ಪುಣ್ಯದ ಲೆಕ್ಚರ್ ಕೊಡು. ಇಲ್ಲಿ ಒಬ್ಬಳು ಮಗಳು ಮದುವೆ ಆಗದೆ ಕೂತಿದ್ದಾಳೆ."

ಹರ್ಷಿಣಿ ಅನ್ನ ಕಲಸುತ್ತಾ ಕೂತಿದ್ದಳು. ರತ್ನಾವತಿಗೆ ಇಬ್ಬರ ಮಾತೂ ಕೇಳಿಸಿತು, ತಮ್ಮನ ಮಾತು ಸರಿ ಅಂತಲೂ ಅನಿಸಿತು. ಆದರೆ ಸರಿ-ತಪ್ಪು ಬೇಕಿದ್ದದ್ದು ಯಾರಿಗೆ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

"ಸಾಕು ಯಶೂ," ಅಂದಳು. "ನನ್ನ ಮಗಳು ದೊಡ್ಡವಳಾದ ಮೇಲೆ ಹೇಗೆ ಕಾಣ್ತಿದ್ದಳು ಅಂತ ನನಗೆ ಒಂದು ಸಲ ನೋಡಬೇಕು. ಒಂದೇ ಸಲ. ಅದು ಪಾಪ ಆದ್ರೆ ಆಗಲಿ."

ಯಶ್ವಂತ್ ಕೈ ತೊಳೆಯಲು ಎದ್ದ.

ಹರ್ಷಿಣಿ ಅಪ್ಪ ಅಮ್ಮನ ಹಳೆಯ ಫೋಟೋ, ತನ್ನ ಬಾಲ್ಯದ ಫೋಟೋ ಎಲ್ಲ ಫೋನಿನ ಎಐಗೆ ಹಾಕಿ, ಅಮ್ಮ ಹೇಳಿದ್ದನ್ನು ಬರೆದು ಕೊಟ್ಟಳು. ನಾಲ್ಕು ವರ್ಷದ ಮುಖ ಸರಿ ಬಂದ ಮೇಲೆ ಅದನ್ನು ಬೆಳೆಸುವುದು ಅಂತ ಲೆಕ್ಕ. ಮೊದಲು ಬಂದದ್ದು ಹಾಲಿನ ಬಣ್ಣದ ಒಂದು ಗೊಂಬೆ.

"ಅಯ್ಯೋ ದೇವರೇ, ಇದು ಯಾರ ಮನೆಯ ಮಗು? ನಮ್ಮದು ಬಿಸಿಲಲ್ಲಿ ಆಡಿದ್ದು ಮಾರಾಯ್ತಿ, ಕಪ್ಪು ಮಾಡು."

ಕಪ್ಪು ಮಾಡಿದಳು. ಕಣ್ಣು ದೊಡ್ಡದಾಯಿತು ಅಂದಳು ಅಮ್ಮ, ಸಣ್ಣದು ಮಾಡಿದಳು. ಕೆನ್ನೆ ಇಷ್ಟು ಇರಲಿಲ್ಲ, ತುಟಿ ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ, ಅಯ್ಯೋ ಅಷ್ಟಲ್ಲ. ಹುಬ್ಬಿನ ಗುರುತು ಹಾಕು. ಹೀಗೆ ದಿನಗಟ್ಟಲೆ ನಡೆಯಿತು. ಹರ್ಷಿಣಿ ಕೆಲಸದಿಂದ ಬಂದು ಚಪ್ಪಲಿ ಬಿಡುವುದೇ ತಡ, ರತ್ನಾವತಿ ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಪ್ರತಿ ಸಲ ಫೋನಿನ ಮುಖ ನೋಡುವುದು, ಕಣ್ಣು ಮುಚ್ಚಿ ಒಳಗಿನ ಮುಖ ನೋಡುವುದು, ಮತ್ತೆ ಫೋನು. ಒಂದು ಸಂಜೆ ಅವಳು ಕಣ್ಣು ಮುಚ್ಚಿದಳು, ತೆರೆದಳು, ಎರಡೂ ಕಡೆ ಒಂದೇ ಮುಖ ಇತ್ತು.

"ಹ್ಞಾಂ. ಇದೇ. ಇದೇ ನನ್ನ ಶರ್ಮಿಳಾ." ಫೋನನ್ನು ಕೆನ್ನೆಗೆ ಒತ್ತಿಕೊಂಡು ಗಳಗಳನೆ ಅತ್ತಳು. ಹರ್ಷಿಣಿಯೂ ಅತ್ತಳು. ಆ ಮಗುವನ್ನೇ ಬೆಳೆಸಿ ಮೆಷಿನು ಪ್ರಾಯದ ಹೆಣ್ಣನ್ನು ಮಾಡಿಕೊಟ್ಟಿತು. ಉಡುಪಿಯಲ್ಲಿ ಫ್ರೇಮು ಹಾಕಿಸಿದರು.

ಮದುವೆ, ಬೇರೆ ಶುಭಕಾರ್ಯ ಮಾಡದ ಮಳೆಗಾಲದ ಆಟಿ ತಿಂಗಳಲ್ಲಿ, ಕಾಪುವಿನ ಮನೆಯಲ್ಲೇ, ಹಗಲಿಗೆ ನಡೆಯಿತು. ಎರಡು ಮಣೆ, ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ, ಶರ್ಮಿಳಾಳ ಫೋಟೋ. ಇನ್ನೊಂದರ ಮೇಲೆ ಪಂಚೆ, ಶಲ್ಯ, ಜಿತೇಂದ್ರನ ಫೋಟೋ. ಧಾರೆಯಾಯಿತು, ಕರಿಮಣಿ ಕಟ್ಟಿದ್ದಾಯಿತು. ಬದುಕಿದವರ ಮದುವೆಯ ಹಾಗೆಯೇ ಜನ ಸಾರಿಗೆ ಉಪ್ಪು ಕಡಿಮೆ ಅಂತ ಗೊಣಗಿದರು.

ಊಟದ ಮೇಲೆ ಸರಸಕ್ಕ ರತ್ನಾವತಿಯ ಪಕ್ಕ ಬಂದು ಕೂತು ಅವಳ ಕೈ ಹಿಡಿದರು. "ಸೊಸೆ ಚಂದ ಇದ್ದಾಳೆ. ಸಣ್ಣದಿರುವಾಗ ಹೇಗಿದ್ದಳು ರತ್ನಾವತಿಯಕ್ಕ? ನಮ್ಮ ಜಿತ್ತು ನಗುವಾಗ ಒಂದು ಕಣ್ಣು ಮುಚ್ಚಿಹೋಗ್ತಿತ್ತು. ಈ ಫೋಟೋದಲ್ಲಿ ಅದು ಇಲ್ಲ, ನನಗೆ ಮಾತ್ರ ಗೊತ್ತು."

ರತ್ನಾವತಿ ಹೇಳಲು ಬಾಯಿ ತೆರೆದಳು. "ಶರ್ಮಿಳಾ ನಗುವಾಗ..." ಅಂದಳು. ಕಣ್ಣು ಮುಚ್ಚಿದಳು. ಬಂದದ್ದು ಫೋನಿನ ಮಗು. ಅಲ್ಲಾಡದೆ, ಅಳತೆ ಮಾಡಿ ಇಟ್ಟ ಹಾಗೆ ನಗುತ್ತಾ ನಿಂತಿತ್ತು. ಅದನ್ನು ದೂಡಿದಳು, ಮತ್ತೆ ಅದೇ ಬಂತು. ಹುಬ್ಬಿನ ಗುರುತು ಎಡಕ್ಕಿತ್ತೋ ಬಲಕ್ಕಿತ್ತೋ? ತಾನು ಹರ್ಷಿಣಿಗೆ ಯಾವ ಕಡೆ ಹೇಳಿದ್ದು? ಎದ್ದು ಅಂಗಳಕ್ಕೆ ಓಡಿದಳು.

"ಯಶೂ, ನೀನು ಅವಳನ್ನು ಹೆಗಲ ಮೇಲೆ ಹೊತ್ತು ಕಡಲಿಗೆ ಕರಕೊಂಡು ಹೋಗ್ತಿದ್ದಿ. ಅವಳ ಮುಖ ಹೇಗಿತ್ತು? ಹೇಳು ಯಶೂ, ಬೇಗ ಹೇಳು."

ಅಕ್ಕ ಹೀಗೆ ಕೇಳಿದ್ದೇ ಯಶ್ವಂತನಿಗೆ ಎಲ್ಲ ತಿಳಿಯಿತು. ಅವನೂ ಕಣ್ಣು ಮುಚ್ಚಿ ನೋಡಿದ.

"ಅಕ್ಕ..." ಅಂದ. "ನನಗೂ ಆ ಫೋಟೋನೇ ಬರ್ತಾ ಉಂಟು."

ಒಳಗಿಂದ ಕರೆದರು. ಹೆಣ್ಣು ಒಪ್ಪಿಸುವ ಹೊತ್ತು. ಹೆತ್ತವಳು ಮಗಳನ್ನು ಅತ್ತೆಯ ಕೈಗೆ ಕೊಡಬೇಕು, ಅವರು ಕಾರ್ಕಳಕ್ಕೆ ಕರೆದೊಯ್ಯಬೇಕು, ಆಗಲೇ ಮದುವೆ ಮುಗಿಯುವುದು. ರತ್ನಾವತಿ ಫ್ರೇಮನ್ನು ಎತ್ತಿಕೊಂಡಳು, ಕೊಡಲಿಲ್ಲ. ಸರಸಕ್ಕ ಚಾಚಿದ ಕೈ ಹಾಗೇ ಉಳಿಯಿತು. ಧರ್ಮಪಾಲ, "ಕೊಡು ಮಾರಾಯ್ತಿ, ಹೊತ್ತು ಮೀರ್ತದೆ" ಅಂದ.

"ಕೊಡುವುದಿಲ್ಲ," ಅಂದಳು. "ಇದು ನನ್ನ ಮಗಳಲ್ಲ. ಆದ್ರೂ ಕೊಡುವುದಿಲ್ಲ. ಇದೂ ಹೋದ್ರೆ ನನ್ನ ಹತ್ತಿರ ಎಂತ ಉಂಟು?"

ಹರ್ಷಿಣಿ ಹತ್ತಿರ ಬಂದು ಅಮ್ಮನ ಭುಜ ಹಿಡಿದಳು. ಸಮಾಧಾನ ಮಾಡಲೆಂದೇ ಹೇಳಿದಳು ಪಾಪ, "ಅಳಬೇಡ ಅಮ್ಮ. ಫೋನಿನಲ್ಲಿ ಉಂಟು. ಎಷ್ಟು ಬೇಕಾದ್ರೂ ತೆಗೀಬಹುದು."

ಎಷ್ಟು ಬೇಕಾದರೂ. ರತ್ನಾವತಿಯ ಬೆರಳುಗಳು ತಾವಾಗಿ ಸಡಿಲವಾದವು. ಸರಸಕ್ಕ ಫೋಟೋವನ್ನು ಸೆರಗಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕಾರು ಹತ್ತಿದರು. ಹರ್ಷಿಣಿಯ ದೋಷ ಕಳೆಯಿತು ಅಂತ ಎಲ್ಲರೂ ಹೇಳಿದರು. ರತ್ನಾವತಿ ಖಾಲಿ ಮಣೆಯ ಎದುರು ಕೂತು ಅಳಬೇಕೆಂದುಕೊಂಡಳು. ಆದರೆ ಯಾರ ಮುಖ ನೆನೆದು ಅಳುವುದು ಅಂತ ಅವಳಿಗೆ ಗೊತ್ತಾಗಲಿಲ್ಲ.