ಐದು ಹಿಡಿ ಅಕ್ಕಿ

"ಸೆರಗು ಎಳಕೊಳ್ಳ ಬೇ. ಸುಟ್ಟ ಮಾರಿ ತಗೊಂಡು ಪೂಜಿ ಮುಂದ ಬಂದು ನಿಂತಾಳ, ರಂಡಿ," ಎಂದ ಮೇಸ್ತ್ರಿ ಕೊಟ್ರೇಶ.

ಸವಿತಾ ಎಳೆದುಕೊಳ್ಳಲಿಲ್ಲ. ಹಟಕ್ಕಲ್ಲ. ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಚರ್ಮಕ್ಕೆ ಏನೂ ತಾಕುತ್ತಿರಲಿಲ್ಲ, ಸೆರಗು ಜಾರಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಒಳಗೂ ಹಾಗೇ ಆಗಿತ್ತು. ಎಂಟು ತಿಂಗಳಿಂದ ಯಾರು ಏನೆಂದರೂ ಪಕ್ಕದ ಮನೆಯವಳಿಗೆ ಅಂದಂತೆ ಕೇಳುತ್ತಿತ್ತು.

ಮಾನ್ವಿಯ ಈ ರೈಸ್‌ಮಿಲ್ಲಿನದು ಒಂದು ರೂಢಿ. ಹಂಗಾಮಿನ ಮೊದಲ ಭತ್ತ ಕುದಿಸುವ ದಿನ ಸಾಹುಕಾರ ಶಂಭುಲಿಂಗಪ್ಪನ ಹೆಂಡತಿ ಬಸವಂತಮ್ಮ ಹಂಡೆಗೆ ಪೂಜೆ ಮಾಡಿ, ಕಣದಲ್ಲಿ ಭತ್ತ ತಿರುವುವ ಹೆಂಗಸರಿಗೆ ಐದೈದು ಹಿಡಿ ಅಕ್ಕಿ ಉಡಿ ತುಂಬುತ್ತಾಳೆ. ಉಡಿ ತುಂಬಿದವಳಿಗೆ ಹಂಗಾಮು ಪೂರ್ತಿ ಕೆಲಸ. ತುಂಬದಿದ್ದರೆ ಬಂದ ದಾರಿ ಹಿಡಿಯಬೇಕು. ಬಾಯಿಬಿಟ್ಟು ಕೆಲಸವಿಲ್ಲ ಅನ್ನುವ ಪಾಪವನ್ನು ಸಾಹುಕಾರರು ಕಟ್ಟಿಕೊಳ್ಳುವವರಲ್ಲ, ದೊಡ್ಡ ಧರ್ಮವಂತರು.

ಸವಿತಾಳಿಗೆ ಈ ಕೆಲಸ ಬೇಕೇ ಬೇಕಿತ್ತು. ಹಿರೇಕೊಟ್ನೆಕಲ್ಲಿನ ಅತ್ತೆಯ ಮನೆಯಲ್ಲಿ ಅವಳು ಉಣ್ಣುವ ಗಂಗಾಳ ಬೇರೆಯಾಗಿತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ನಾಲ್ಕು ಮಂದಿಯ ಜೊತೆ ಬಿಸಿ ಭತ್ತವನ್ನು ಕಾಲಲ್ಲಿ ತಿರುವಿ, ಮಧ್ಯಾಹ್ನ ಸುತ್ತ ಕೂತು ಬುತ್ತಿ ಬಿಚ್ಚಿದರೆ ತಾನೂ ಒಬ್ಬ ಮನುಷ್ಯಳು ಅನ್ನಿಸೀತು ಎಂದುಕೊಂಡಿದ್ದಳು.

ಬಸವಂತಮ್ಮ ಸಾಲಿನಲ್ಲಿ ನಿಂತ ಅಕ್ಬರಿ ಬೇಗಂಳ ಉಡಿ ತುಂಬಿ, ಸವಿತಾಳನ್ನು ದಾಟಿ ಆಚೆಯವಳ ಮುಂದೆ ನಿಂತಳು.

"ಯವ್ವಾ, ನಾನು ಉಳದೀನ್ರಿ."

"ಸಿಟ್ಟಾಗಬ್ಯಾಡವ್ವಾ. ಮೈಗೆ ಬೆಂಕಿ ಹಚ್ಚಿಕೊಂಡಾಕಿಗೆ ಉಡಿ ತುಂಬಿದ್ರ ಮಿಲ್ಲಿಗೆ ಕೇಡಂತ ಮಠದ ಅಯ್ನೋರು ಹೇಳ್ಯಾರ. ಸಂಜಿಗೆ ಹಿತ್ತಲಕಡಿ ಬಾ, ಹಳೀ ಸೀರಿ ಕೊಡ್ತೀನಿ."

ಬೆಂಕಿ ಹಚ್ಚಿಕೊಂಡಿದ್ದಳಂತೆ. ಸುಟ್ಟದ್ದು ಇದೇ ಹಂಡೆಯ ಉಗಿ. ಸವೆದ ಮುಚ್ಚಳವನ್ನು ಕೊಟ್ರೇಶ ತಂತಿಯಿಂದ ಬಿಗಿದಿದ್ದ, ತಂತಿ ಹರಿದಾಗ ಅವಳು ಎದುರಿಗಿದ್ದಳು. ರಾಯಚೂರಿನ ಆಸ್ಪತ್ರೆಗೆ ಪೊಲೀಸರು ಬರುವ ಮೊದಲೇ ಅವನು ಮಂಚದ ಹತ್ತಿರ ಬಂದಿದ್ದ. "ಮನ್ಯಾಗ ಸ್ಟೋವ್ ಸಿಡೀತು ಅನ್ನು. ಮಿಲ್ಲು ಮುಚ್ಚಿದ್ರ ಎಲ್ಲಾರ ಹೊಟ್ಟಿಗೂ ಮಣ್ಣು ಬೀಳ್ತದ. ನಿನ್ನ ಕೆಲಸ ಎಲ್ಲೂ ಹೋಗಂಗಿಲ್ಲ." ಅವಳು ಹಾಗೇ ಬರೆಸಿದಳು. ಸ್ಟೋವ್ ಸಿಡಿದದ್ದನ್ನು ಯಾವ ಊರು ನಂಬುತ್ತದೆ? ತಾನೇ ಹಚ್ಚಿಕೊಂಡಳು ಎಂದರು ಕೆಲವರು, ಗಂಡ ಹಚ್ಚಿದ ಎಂದರು ಉಳಿದವರು. ಗಂಡ ಸುಭಾಷ್ ಮುಖ ತೋರಿಸಲಾಗದೆ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋದ, ಫೋನು ಎತ್ತುವುದನ್ನೂ ಬಿಟ್ಟ.

"ನಾ ಹಚ್ಚಿಕೊಂಡಿಲ್ರಿ ಯವ್ವಾ, ಸ್ಟೋವೂ ಅಲ್ಲ," ಎಂದಳು ಸವಿತಾ. ದನಿ ಏರಲಿಲ್ಲ. "ನೀವು ಈಗ ಕುಂಕುಮ ಹಚ್ಚಿದ್ರಲ್ಲ, ಆ ಹಂಡಿ. ಹೆಂಗ ಬರಸಬೇಕಂತ ಕೊಟ್ರೇಶಣ್ಣ ಹೇಳಿಕೊಟ್ಟಿದ್ದ."

ಬಸವಂತಮ್ಮ ಗಂಡನ ಕಡೆ ನೋಡಿದಳು. ಅವನು ನೆಲ ನೋಡಿದ.

"ನಾನೂ ಅಲ್ಲೇ ಇದ್ದೆರಿ," ಎಂದಳು ಅಕ್ಬರಿ ಬೇಗಂ. "ಈಕಿನ್ನ ಗೋಣಿಚೀಲದಾಗ ಸುತ್ತಿ ಆಟೋಕ್ಕ ಹಾಕಿದಾಕಿ ನಾನು."

ಸವಿತಾ ಮುಂದೆ ಬಂದು ಅಕ್ಕಿ ತುಂಬಿದ ಪರಾತಕ್ಕೆ ಕೈ ಹಾಕಿದಳು. ಉಗಿಯಲ್ಲಿ ಬೆಂದ ಬೆರಳುಗಳು ಒಂದಕ್ಕೊಂದು ಅಂಟಿ ಮಡಚುತ್ತಿರಲಿಲ್ಲ, ಹಿಡಿಗೆ ಅಕ್ಕಿ ನಿಲ್ಲಲಿಲ್ಲ. ಬಿದ್ದದ್ದು ಬೀಳಲಿ ಎಂದು ಮತ್ತೆ ತುಂಬಿ ತನ್ನ ಉಡಿಗೆ ಸುರಿದುಕೊಂಡಳು. ಒಂದು. ಎರಡು. ಕೊಟ್ರೇಶ ತಡೆಯಲು ಬಂದ, ಹೆಂಗಸರು ಯಾರೂ ದಾರಿ ಬಿಡಲಿಲ್ಲ. ಐದು ಹಿಡಿಯಾದ ಮೇಲೆ ಸವಿತಾ ಸೆರಗಿನ ಗಂಟು ಸೊಂಟಕ್ಕೆ ಸಿಕ್ಕಿಸಿ ಕಣಕ್ಕೆ ಇಳಿದಳು.

"ಏ ಕೊಟ್ರ್ಯಾ, ಪೊಲೀಸರಿಗೆ ಫೋನ್ ಹಚ್ಚಲೇ, ಭಾಡ್ಯಾ," ಎಂದ ಶಂಭುಲಿಂಗಪ್ಪ.

"ಹಚ್ಚಿಸ್ರಿ ಸಾವ್ಕಾರ್ರ," ಎಂದಳು ಸವಿತಾ, ಭತ್ತ ತಿರುವುತ್ತಲೇ. "ಸ್ಟೋವ್ ಅಂತ ಬರಸಿದ್ದು ಹೊಡೆಸಿ ಹಾಕಿ ಖರೇದ್ದು ಬರಸಬೇಕಾಗ್ಯಾದ. ಅವರು ಬರೂತನಾ ಇಲ್ಲೇ ಇರ್ತೀನಿ."

ಕೊಟ್ರೇಶ ಫೋನು ತೆಗೆದ. ನಂಬರು ಒತ್ತದೆ ಸಾಹುಕಾರನ ಮುಖ ನೋಡಿದ.