ಗಾಳಿಯ ದರ

ಕಲ್ಮೇಶ ಒಮ್ಮೆ ಕೃಷ್ಣೆಯಲ್ಲಿ ಮುಳುಗಿದನೆಂದರೆ, ದಂಡೆಯ ಮೇಲೆ ನಾವು ಚಹಾಕ್ಕೆ ನೀರಿಟ್ಟು, ಕುದಿಸಿ, ಕುಡಿದು, ಕಪ್ಪು ತೊಳೆದಿಟ್ಟರೂ ಮೇಲೆ ಬರುತ್ತಿರಲಿಲ್ಲ. ಒಂದು ಸಲ ಚಿಕ್ಕಪಡಸಲಗಿ ಸೇತುವೆಯ ಮೇಲೆ ಜಮಖಂಡಿ ಬಸ್ಸು ಹೋಗುವಾಗ ಮುಳುಗಿದವನು, ಅದೇ ಬಸ್ಸು ಜಮಖಂಡಿ ಮುಟ್ಟಿ ತಿರುಗಿ ಬಂದಾಗಲೂ ಒಳಗೇ ಇದ್ದ. ಕಂಡಕ್ಟರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಪಾ ಜಕ್ಕಪ್ಪ, ನಿಮ್ಮ ಮೀನ ಇನ್ನೂ ಒಳಗ ಐತೇನ?" ಎಂದು ಕೇಳಿದ. ಆಮೇಲೆ ಮೇಲೆ ಬಂದ ಕಲ್ಮೇಶ, ತಳದಲ್ಲಿ ಒಂದು ಮುದಿ ಬಾಳೆಮೀನು ತನ್ನನ್ನು ಹಿಡಿದು ಕೂರಿಸಿಕೊಂಡು, ಮಗಳಿಗೆ ಗಂಡು ನೋಡಿಕೊಡು ಎಂದು ಗಂಟುಬಿದ್ದಿತ್ತು ಎಂದ. ನಾವು ನಂಬಿದೆವು. ಅಷ್ಟು ಹೊತ್ತು ಬೇರೆ ಏನು ಮಾಡಿಯಾನು?

ಜಕ್ಕಪ್ಪ ಎಂದರೆ ನಾನೇ. ನಮ್ಮಿಬ್ಬರದೂ ಒಂದೇ ಕಸುಬು. ಹೊಳೆದಂಡೆಯ ರೈತರ ಪಂಪುಗಳಿಗೆ ಪೈಪು ಇರುತ್ತದೆ, ಪೈಪಿನ ಬಾಯಿ ನೀರಿನ ತಳದಲ್ಲಿರುತ್ತದೆ. ಆ ಬಾಯಿಗೆ ಹರಿದ ಬಲೆಯೋ ಕೆಸರೋ ಸಿಕ್ಕಿಕೊಂಡರೆ ಕಬ್ಬಿಗೆ ನೀರಿಲ್ಲ. ಕಲ್ಮೇಶ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿ ಅದನ್ನು ಬಿಡಿಸುತ್ತಿದ್ದ. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಅವನು ಒಂದು ಸಲ ಜಗ್ಗಿದರೆ ನಾನು ಹಗ್ಗ ಸಡಿಲ ಬಿಡಬೇಕು, ಎರಡು ಸಲ ಜಗ್ಗಿದರೆ ಎಳೆಯಬೇಕು.

ಹೋದ ವರ್ಷದಿಂದ ಅವನ ಉಸಿರು ಗಿಡ್ಡವಾಗಿತ್ತು. ಮೇಲೆ ಬಂದಾಗ ಮೂಗಿನಿಂದ ರಕ್ತ ಸೋರುತ್ತಿತ್ತು. ಅವನ ಹೆಂಡತಿ ದಾನೇಶ್ವರಿ, ಗೋವಾದಲ್ಲಿ ಮಂದಿ ಬೆನ್ನಿಗೆ ಗಾಳಿಯ ಟಾಕಿ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವುದನ್ನು ಫೋನಿನಲ್ಲಿ ನೋಡಿದ್ದಳು. ದೀಪಾವಳಿಯ ಹೊತ್ತಿಗೆ ನಮ್ಮಿಬ್ಬರನ್ನೂ ಭರತೇಶಣ್ಣನ ಮುಂದೆ ಎಳೆದುಕೊಂಡು ಹೋಗಿ ನಿಲ್ಲಿಸಿದಳು.

ಭರತೇಶಣ್ಣ ತೇರದಾಳದ ಬೆಲ್ಲದ ವ್ಯಾಪಾರಿ, ಪಂಪಿನವರ ಸಂಘಕ್ಕೆ ಹಿರಿಯರು. ಕೆಟ್ಟ ಮನುಷ್ಯನಲ್ಲ. ಆದರೆ ಯಾವ ವಸ್ತುವನ್ನೂ ಅದು ಬೇಕಾದಾಗ ಕೊಂಡವರಲ್ಲ. ಕೊಡೆಯನ್ನು ಚಳಿಗಾಲದಲ್ಲಿ ಕೊಳ್ಳುತ್ತಿದ್ದರು, ಕಂಬಳಿಯನ್ನು ಬೇಸಿಗೆಯಲ್ಲಿ. ಹಲ್ಲು ಇನ್ನೂ ಗಟ್ಟಿಯಿದ್ದಾಗಲೇ, ಸೋವಿಯಾಗಿ ಸಿಕ್ಕಿತೆಂದು ಒಂದು ಜೊತೆ ಕಟ್ಟುಹಲ್ಲು ತಂದಿಟ್ಟಿದ್ದಾರೆ ಎಂದು ನಾನೇ ಊರಲ್ಲಿ ಹಬ್ಬಿಸಿದ್ದೆ.

"ಟಾಕಿ ಕೊಡಸೂನು. ಸಂಘದ ರೊಕ್ಕ ಐತಿ" ಎಂದರು ಒಂದೇ ಮಾತಿಗೆ. "ಆದ್ರ ಈಗ ಬ್ಯಾಡ. ಈಗ ಗೋವಾದಾಗ ಸೀಜನ್, ದರ ಆಕಾಶಕ್ಕ ಏರೈತಿ. ಮಳಿಗಾಲ ಬರಲಿ. ಅಲ್ಲಿ ಯಾರೂ ನೀರಿಗೆ ಇಳಿಯೂದಿಲ್ಲ. ಹಳೇ ಟಾಕಿ ಮಾರಾಕ ತಾವಾಗೇ ಫೋನ್ ಮಾಡ್ತಾರ."

"ಅಲ್ಲೀತನಾ ಇಂವಾ ಏನ ಮಾಡ್ಬೇಕ್ರಿ?" ಎಂದಳು ದಾನೇಶ್ವರಿ.

"ಇಷ್ಟ ವರ್ಷ ಏನ ಮಾಡ್ಯಾನ?"

ದಾನೇಶ್ವರಿ ನಮ್ಮಿಬ್ಬರನ್ನೂ ಕರೆದುಕೊಂಡು ತಿರುಗಿ ನಡೆದಳು.

ಅಂದಿನಿಂದ ಭರತೇಶಣ್ಣ ದಿನಾ ಫೋನಿನಲ್ಲಿ ಬೆಲ್ಲದ ದರ ನೋಡಿದ ಮೇಲೆ ಟಾಕಿಯ ದರವನ್ನೂ ನೋಡತೊಡಗಿದರು. ಸಂಕ್ರಾಂತಿಗೆ ಸ್ವಲ್ಪ ಇಳಿಯಿತು. "ಇಳಿಯಾಕತ್ತೈತಿ. ಇಳಿಯೂವಾಗ ಕೈ ಹಾಕಬಾರ್ದು, ಇನ್ನೂ ಇಳೀತೈತಿ" ಎಂದರು. ಹೋಳಿಗೆ ಏರಿತು. "ಏರಾಕತ್ತೈತಿ. ಈಗ ತಗೊಂಡ್ರ ಬಜಾರದಾಗ ನಗ್ತಾರ" ಎಂದರು.

"ಇಳಿಯೂವಾಗೂ ಬ್ಯಾಡ, ಏರೂವಾಗೂ ಬ್ಯಾಡ. ಮತ್ಯಾವಾಗ್ರಿ ಯಣ್ಣಾ?" ಎಂದಳು ದಾನೇಶ್ವರಿ.

ಕಲ್ಮೇಶ ಮೂಗು ಒರೆಸಿಕೊಳ್ಳುತ್ತ ನಕ್ಕ. "ನೋಡ್ಲೇ ಜಕ್ಯಾ, ಗಾಳಿ ಪುಕ್ಕಟ ಐತಿ. ಅದನ್ನ ತುಂಬೂ ಡಬ್ಬಿಗೆ ಎಷ್ಟ ಸೊಕ್ಕು!"

ಜೂನಿನಲ್ಲಿ ಮೇಲಿನ ಮಳೆಯ ಕೆಂಪು ನೀರು ಬಂತು. ಹೊಳೆ ತುಂಬುವ ಮೊದಲು ಪೈಪುಗಳನ್ನೆಲ್ಲ ದಂಡೆಗೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಸೆಳವು ಒಯ್ಯುತ್ತದೆ. ಎಲ್ಲವೂ ಬಂದವು, ಒಂದೇ ಒಂದರ ಬಾಯಿ ತಳದಲ್ಲಿ ಕಚ್ಚಿಕೊಂಡಿತು. ಭರತೇಶಣ್ಣನೂ ದಂಡೆಯ ಮೇಲಿದ್ದರು.

"ಹೋಗ್ಲಿ ಬಿಡಪಾ, ನೀರ ಛಲೋ ಇಲ್ಲ" ಎಂದರು.

"ಇದೊಂದ್ರಿ. ಆಮ್ಯಾಲ ನಿಮ್ಮ ಟಾಕಿ ಬರತೈತೆಲ್ಲ" ಎಂದ ಕಲ್ಮೇಶ.

"ಬರತೈತಿ. ಮುಂಜಾನೆ ನೋಡೀನಿ, ದರ ಬೀಳಾಕತ್ತೈತಿ. ಇನ್ನೊಂದು ವಾರ ತಡಿ."

ಅವನು ಮುಳುಗಿದ. ಒಂದು ಸಲ ಜಗ್ಗಿದ, ಹಗ್ಗ ಬಿಟ್ಟೆ. ಹಿಂದೆ ಯಾರೋ ಚಹಾಕ್ಕೆ ಇಟ್ಟರು. ಎರಡು ಸಲ ಜಗ್ಗಿದ. ಎಳೆದೆ. ಬರಲಿಲ್ಲ. ನಾಲ್ಕು ಜನ ಸೇರಿ ಎಳೆದೆವು. ಹಗ್ಗ ಕಬ್ಬಿಣದ ಸಲಾಕೆಯಂತೆ ಬಿಗಿದು ನಿಂತಿತು. ಸೆಳವಿನಲ್ಲಿ ಉರುಳಿಬಂದ ಜಾಲಿಮರವೊಂದು ತಳದಲ್ಲಿ ಹಗ್ಗದ ಮೇಲೆ ಕುಳಿತಿತ್ತು. ಅದು ಗೊತ್ತಾದದ್ದು ಆಮೇಲೆ.

ಕುಡಗೋಲು ಹಿಡಿದು ನಾನು ಹಗ್ಗದ ಗುಂಟ ಇಳಿದೆ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲು. ಎದೆ ಒಡೆಯುವ ಹೊತ್ತಿಗೆ ಅವನ ಕೈ ಸಿಕ್ಕಿತು. ಜೀವ ಇತ್ತು. ಗಟ್ಟಿಯಾಗಿ ಹಿಡಿದುಕೊಂಡ. ಅವನ ಸೊಂಟದ ಕಡೆ ಕುಡಗೋಲು ಚಾಚಿದೆ, ಮುಳ್ಳಿನ ಟೊಂಗೆ ಅಡ್ಡ ಬಂತು. ನನ್ನ ಉಸಿರು ಮುಗಿಯಿತು. ನಾನು ಒದ್ದಾಡತೊಡಗಿದ್ದು ಅವನಿಗೆ ತಿಳಿದಿರಬೇಕು. ತಾನೇ ಬೆರಳು ಸಡಿಲಿಸಿ ನನ್ನ ಕೈಯನ್ನು ಮೇಲಕ್ಕೆ ನೂಕಿದ.

ಮೇಲೆ ಬಂದು ಒಂದು ಎದೆ ಗಾಳಿ ಕುಡಿದು ಮತ್ತೆ ಇಳಿದೆ. ಕೈ ಅಲ್ಲೇ ಇತ್ತು. ಆದರೆ ಹಿಡಿಯಲಿಲ್ಲ.

ಈ ಮಾತಿಗೆ ನಾನು ಏನೂ ಸೇರಿಸಿಲ್ಲ.

ಭರತೇಶಣ್ಣ ದಾನೇಶ್ವರಿಯ ಮನೆಗೆ ಬಂದದ್ದು ಮಳೆ ಜೋರಾದ ಮೇಲೆ. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ. ಅವರ ಮುಖ ಬತ್ತಿಹೋಗಿತ್ತು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಫೋನು ಚಾಚಿದರು.

"ತಂಗೀ, ದರ ಬಿದ್ದೈತಿ. ಹೇಳಿದ್ನೆಲ್ಲ, ಅರ್ಧಕ್ಕ ಬಂದೈತಿ. ಇವತ್ತ ತರಸ್ತೇನಿ. ಜಕ್ಕಪ್ಪನರ ಹಾಕ್ಕೊಳ್ಳಲಿ."

ದಾನೇಶ್ವರಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಇನ್ನೂ ಇಳೀತೈತೇನ್ರಿ?"

"ಶ್ರಾವಣಕ್ಕ ಇನ್ನಷ್ಟ..." ಎಂದವರು ನಾಲಿಗೆ ಕಚ್ಚಿಕೊಂಡರು.

"ಹಂಗಾರ ಆವಾಗ ತಗೋರಿ" ಎಂದಳು. "ಈಗ ಯಾರಿಗೆ ಅವಸರ ಐತಿ?"

ಮೊರದ ಕಾಳನ್ನು ಮತ್ತೆ ಕೇರತೊಡಗಿದಳು. ಮಳೆ ದಪ್ಪನೆಯ ಹನಿಯಾಗಿ ಬಿತ್ತು. ಭರತೇಶಣ್ಣ ಅಂಗಳದಲ್ಲಿ ತೊಯ್ಯುತ್ತ ನಿಂತೇ ಇದ್ದರು. ಚಳಿಗಾಲದಲ್ಲಿ ಕೊಂಡ ಕೊಡೆ ಕಂಕುಳಲ್ಲಿತ್ತು. ಬಿಚ್ಚಲಿಲ್ಲ.